ಸಹಾಯ ಬೇಕು: ಒಬ್ಬರೇ ಮಾಡುವ ಕೆಲಸಕ್ಕೆ ಅಜೈಲ್ ಕ್ರಮವನ್ನು ಹೊಂದಿಸಿಕೊಳ್ಳುವುದು ಹೇಗೆ?

ಒಬ್ಬನೇ ಕುಳಿತು ಅನುವಾದದ ಕೆಲಸ ಮಾಡುವ ನಾನು, ನಾಲ್ಕು ತಿಂಗಳಿಂದ ನನ್ನ ಕೆಲಸಗಳನ್ನು ಅಜೈಲ್ ಕ್ರಮದಲ್ಲಿ (ಅಂದರೆ ಸಣ್ಣ ಸಣ್ಣ ಕಂತುಗಳಲ್ಲಿ ಮಾಡುತ್ತಾ, ಆಗಾಗ ಪರಿಶೀಲಿಸಿ ತಿದ್ದಿಕೊಳ್ಳುತ್ತಾ) ನಡೆಸಲು ಪ್ರಯತ್ನಿಸುತ್ತಿದ್ದೇನೆ. 2001ರಲ್ಲಿ 17 ಮಂದಿ ಸೇರಿ ರೂಪಿಸಿದ ಅಜೈಲ್ ಪ್ರಣಾಳಿಕೆಯು ತಂತ್ರಾಂಶ ತಂಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದೆಂದು ತಿಳಿದೇ ಈ ಸಾಹಸಕ್ಕೆ ಕೈಹಾಕಿದ್ದೇನೆ.

ಗೋಡೆಯ ಮೇಲೆ ‘ಮಾಡಬೇಕಾದದ್ದು’, ‘ನಡೆಯುತ್ತಿರುವುದು’, ‘ಮುಗಿದದ್ದು’ ಎಂಬ ಮೂರು ಅಂಕಣಗಳ ಕಾನ್‌ಬಾನ್ ಹಲಗೆಯಿದೆ; ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ, ಕೆಲಸ ಸಾಗಿದಂತೆ ಚೀಟಿಯೂ ಮುಂದಿನ ಅಂಕಣಕ್ಕೆ ಸರಿಯುತ್ತದೆ. ನಡುವಿನ ಅಂಕಣದಲ್ಲಿ ಮೂರಕ್ಕಿಂತ ಹೆಚ್ಚು ಚೀಟಿಗಳಿರಬಾರದೆಂದು ಮಿತಿ ಹಾಕಿಕೊಂಡಿದ್ದೇನೆ. ತೊಡಕಿರುವುದು ಇಲ್ಲಿಯೇ. ‘ಎರಡನೆಯ ಅಧ್ಯಾಯದ ಪರಿಷ್ಕರಣೆ’ ಎಂಬ ಹಳದಿ ಚೀಟಿಯು ಗ್ರಾಹಕರ ಉತ್ತರಕ್ಕಾಗಿ ಕಾಯುತ್ತಾ 23 ದಿನಗಳಿಂದ ಅಲ್ಲೇ ಇದೆ. ಅದರ ಅಂಚು ಸುರುಳಿಯಾಗಿದೆ, ಅಂಟು ಒಣಗಿ ಎರಡು ಬಾರಿ ನೆಲಕ್ಕೂ ಬಿದ್ದಿದೆ. ಅದನ್ನು ಮಿತಿಯೊಳಗೆ ಎಣಿಸಿದರೆ ಬೇರೆ ಕೆಲಸಕ್ಕೆ ಜಾಗ ಸಾಲದು; ‘ಕಾಯುತ್ತಿರುವುದು’ ಎಂಬ ನಾಲ್ಕನೆಯ ಅಂಕಣಕ್ಕೆ ಸರಿಸಿದರೆ, ಮನಸ್ಸಿಲ್ಲದ ಕೆಲಸಗಳೆಲ್ಲ ಅಲ್ಲಿ ಹೋಗಿ ಅಡಗಿಕೊಳ್ಳುತ್ತವೆ (ನನ್ನ ಸ್ವಭಾವ ನನಗೆ ಗೊತ್ತು). ಆ ಅಂಕಣಕ್ಕೂ ಮಿತಿ ಹಾಕಿಕೊಂಡವರು ಯಾರಾದರೂ ಇದ್ದರೆ, ಅದು ತುಂಬಿದಾಗ ಏನು ಮಾಡುತ್ತೀರಿ?

ಅಜೈಲ್‌ನ ಒಂದು ಪದ್ಧತಿಯಾದ ಸ್ಕ್ರಮ್‌ನ ನಿಯಮದಂತೆ ಸ್ಪ್ರಿಂಟ್ (ಕೆಲಸದ ಒಂದು ನಿಗದಿತ ಅವಧಿ) ಒಂದು ತಿಂಗಳನ್ನು ಮೀರುವಂತಿಲ್ಲ. ನನ್ನದು ಒಂದು ವಾರದ್ದು, ಅದರಲ್ಲಿ ದೂರಿಲ್ಲ. ಆದರೆ ವಾರದ ಕೊನೆಯ ಸಿಂಹಾವಲೋಕನದಲ್ಲಿ ಪ್ರಶ್ನೆ ಕೇಳುವವನೂ ಉತ್ತರಿಸುವವನೂ ನಾನೇ ಆದ್ದರಿಂದ, ‘ಅಂದಾಜು ತಪ್ಪಿತು, ಮುಂದಿನ ವಾರ ಸರಿಪಡಿಸಬೇಕು’ ಎಂಬ ಒಂದೇ ವಾಕ್ಯವು ಆರು ವಾರಗಳಿಂದ ಟಿಪ್ಪಣಿ ಪುಸ್ತಕದಲ್ಲಿ ಮರುಕಳಿಸುತ್ತಿದೆ. ಇದಕ್ಕೆ ಹೊರಗಿನವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳುವುದು ಒಳ್ಳೆಯದೇ, ಅಥವಾ ನಿಗದಿತ ಪ್ರಶ್ನೆಗಳೇನಾದರೂ ನಿಮಗೆ ನೆರವಾಗಿವೆಯೇ? ಹೊಸ ಆ್ಯಪ್‌ಗಳ ಹೆಸರು ಬೇಡ. ಸ್ವತಃ ಮಾಡಿ ನೋಡಿದವರ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.