ಮಗಳ ಕೆನ್ನೆಯೊಳಗೆ ಬಿಳಿ ಪದರ: ಎಲೆಯಡಿಕೆ ಹಾಕದವಳಿಗೆ ಇದು ಹೇಗೆ ಬಂತು?

ಪ್ರಶ್ನೆ (ಪೆರ್ಲ, ಕಾಸರಗೋಡು ಜಿಲ್ಲೆ):
13 ವರ್ಷದ ನನ್ನ ಮಗಳ ಎರಡೂ ಕೆನ್ನೆಗಳ ಒಳಭಾಗದಲ್ಲಿ ದಪ್ಪನೆಯ ಬಿಳಿ ಪದರವಿದೆ. ಚಮಚದ ಹಿಡಿಯಿಂದ ಕೆನ್ನೆಯನ್ನು ಸರಿಸಿ ಟಾರ್ಚ್ ಬೆಳಕಿನಲ್ಲಿ ನೋಡಿದರೆ, ಬೊಂಡದ ಎಳೆ ತಿರುಳನ್ನು ಮಡಿಸಿ ಅಂಟಿಸಿದಂತೆ ನೆರಿಗೆ ನೆರಿಗೆಯಾಗಿ ಕಾಣುತ್ತದೆ. ನೋವಿಲ್ಲ, ಉರಿಯಿಲ್ಲ. ಫಂಗಸ್ ಇರಬಹುದೆಂದು ವೈದ್ಯರೊಬ್ಬರು ಕೊಟ್ಟ ಮುಲಾಮನ್ನು ಎರಡು ವಾರ ಹಚ್ಚಿದರೂ ಏನೂ ಬದಲಾಗಲಿಲ್ಲ. ನಮ್ಮದು ಅಡಿಕೆ ತೋಟದ ಮನೆ. ಬಾಯಲ್ಲಿ ಬಿಳಿ ಕಂಡರೆ ಮೊದಲು ಬರುವುದೇ ಕ್ಯಾನ್ಸರಿನ ಮಾತು. ಆದರೆ ಮಗಳು ಒಂದು ದಿನವೂ ಎಲೆಯಡಿಕೆ ಹಾಕಿದವಳಲ್ಲ. ನನ್ನ ಗಂಡನ ಬಾಯಲ್ಲಿಯೂ ಹೀಗೆಯೇ ಇದೆ. ಅದು ತಾಂಬೂಲದಿಂದ ಬಂದದ್ದೆಂದು ನಾವು ಸುಮ್ಮನಿದ್ದೆವು.

ಉತ್ತರ (ದಂತವೈದ್ಯೆ, ಮಂಜೇಶ್ವರ):
ಅಕ್ಕಾ, ನಿಮ್ಮ ಕೊನೆಯ ವಾಕ್ಯವೇ ಇಲ್ಲಿ ಮುಖ್ಯವಾದುದು. ಎರಡೂ ಕೆನ್ನೆಗಳಲ್ಲಿ ಸಮನಾಗಿ, ನೋವಿಲ್ಲದೆ, ಚಿಕ್ಕ ವಯಸ್ಸಿನಲ್ಲಿಯೇ ಕಾಣಿಸಿಕೊಂಡು ತಂದೆಯಲ್ಲಿಯೂ ಇರುವ ಬಿಳಿ ಪದರವೆಂದರೆ ವೈಟ್ ಸ್ಪಾಂಜ್ ನೀವಸ್ ಎಂಬ ಅಪರೂಪದ ವಂಶವಾಹಿ ಸ್ಥಿತಿಯನ್ನು ನೆನೆಯಲೇಬೇಕು. 1935ರಲ್ಲಿ ಕ್ಯಾನನ್ ಎಂಬ ವೈದ್ಯರು ಈ ಹೆಸರಿನಲ್ಲಿ ಇದನ್ನು ವಿವರಿಸಿದರು. ಬಾಯಿಯ ಒಳಪೊರೆಗೆ ಗಟ್ಟಿತನ ಕೊಡುವ ಕೆರಾಟಿನ್ 4 ಅಥವಾ ಕೆರಾಟಿನ್ 13 ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿರುವುದರಿಂದ ಪೊರೆಯು ದಪ್ಪವಾಗಿ, ನೀರು ಹೀರಿದ ಸ್ಪಂಜಿನಂತಾಗುತ್ತದೆ. ಇದು ಕ್ಯಾನ್ಸರಿಗೆ ತಿರುಗುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಚಿಕಿತ್ಸೆಯೂ ಬೇಕಿಲ್ಲ.

ಆದರೂ ಬರಹವನ್ನು ಓದಿ ರೋಗವನ್ನು ನಿರ್ಧರಿಸಲಾಗದು. ಫಂಗಸ್‌ನ ಬಿಳುಪು ಸಾಮಾನ್ಯವಾಗಿ ಹತ್ತಿಯಿಂದ ಒರೆಸಿದರೆ ಬರುತ್ತದೆ, ಇದು ಬರುವುದಿಲ್ಲ. ಲ್ಯೂಕೋಎಡೀಮಾ ಎಂಬ, ಕೆನ್ನೆಯೊಳಗೆ ಬಿಳುಪು ಕಾಣಿಸುವ ಇನ್ನೊಂದು ನಿರಪಾಯಕಾರಿ ಸ್ಥಿತಿಯಲ್ಲಿ ಬಿಳುಪು ಕೆನ್ನೆಯನ್ನು ಎಳೆದು ಹಿಡಿದರೆ ಮಾಯವಾಗುತ್ತದೆ, ಇದು ಆಗುವುದಿಲ್ಲ. ಸಂಶಯ ಉಳಿದರೆ ಚಿಕ್ಕದೊಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು. ನನಗೆ ಹೆಚ್ಚಿನ ಕಾಳಜಿಯಿರುವುದು ನಿಮ್ಮ ಯಜಮಾನರ ಬಗ್ಗೆ. ಹುಟ್ಟಿನಿಂದ ಬಂದ ಬಿಳುಪಿನ ಅಡಿಯಲ್ಲಿ ತಾಂಬೂಲದಿಂದಾದ ಹೊಸ ಗಾಯವೊಂದು ಅಡಗಿದ್ದರೂ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಅವರು ಬೇರೆಯಾಗಿಯೇ ಪರೀಕ್ಷೆ ಮಾಡಿಸಿಕೊಳ್ಳಲಿ.

ಉತ್ತರ (ಬದಿಯಡ್ಕ):
ನನಗೂ ನನ್ನ ಅಮ್ಮನಿಗೂ ಇದೇ ಇದೆ. ಮಂಗಳೂರಿನಲ್ಲಿ ಬಯಾಪ್ಸಿ ಮಾಡಿಸಿದ ಮೇಲೆ ಖಚಿತವಾಯಿತು. ಅದಕ್ಕೂ ಮೊದಲು, ಬೀಡಿ ಸೇದುತ್ತೀಯಾ ಎಂದು ಮತ್ತೆ ಮತ್ತೆ ಕೇಳಿಸಿಕೊಂಡು ಅತ್ತದ್ದುಂಟು. ದಯವಿಟ್ಟು ಮಗಳನ್ನು ಹಾಗೆ ಪ್ರಶ್ನಿಸಲು ಯಾರಿಗೂ ಬಿಡಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗುತ್ತೇನೆ. 4 ವರ್ಷದ ಮಗನ ಕೆನ್ನೆ ಸದ್ಯಕ್ಕೆ ಸ್ವಚ್ಛವಾಗಿದೆ.

ದಂತವೈದ್ಯೆ:
ತಂದೆಗೆ ಇದ್ದರೆ ಪ್ರತಿ ಮಗುವಿಗೂ ದೋಷವುಳ್ಳ ಜೀನ್ ಬರುವ ಸಾಧ್ಯತೆ ಅರ್ಧಕ್ಕರ್ಧ. ಕೆಲವರಲ್ಲಿ ಹದಿವಯಸ್ಸಿನಲ್ಲಿ ಕಾಣಿಸಿಕೊಳ್ಳುವುದುಂಟು. ಅವನನ್ನೂ ಕರೆತನ್ನಿ.