ಹುಡುಗನ ಬ್ಯಾಗಿನಲ್ಲಿ ಸಿಕ್ಕಿದ್ದು ಅವರಮ್ಮನ ಫೋನು. ಶಾಲೆಯ ಮೊಬೈಲ್ ನಿಯಮ ಹೇಗೆ ಬರೆಯಲಿ?

ವಿಜ್ಞಾನ ಟೀಚರ್, ಮದ್ದೂರು

ಎಲ್ಲರಿಗೂ ನಮಸ್ಕಾರ. ಮದ್ದೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹದಿನಾಲ್ಕು ವರ್ಷ ಸರ್ವಿಸ್ ಆಯ್ತು. ಮುಂದಿನ ಪೋಷಕರ ಸಭೆಗೆ ಮೊಬೈಲ್ ನಿಯಮ ಬರೆದು ತನ್ನಿ ಅಂತ ಹೆಡ್ ಮಾಸ್ಟರ್ ನನಗೇ ಹೇಳಿದ್ದಾರೆ. ನಾಲ್ಕು ದಿನದಿಂದ ಬರೆದು ಹೊಡೆದು ಹಾಕ್ತಾ ಇದ್ದೇನೆ.

ಈಗ ಇರುವ ನಿಯಮ ನೋಟಿಸ್ ಬೋರ್ಡಿನಲ್ಲಿ ಒಂದೇ ಸಾಲು. ಮೊಬೈಲ್ ತಂದರೆ ಕಿತ್ತುಕೊಳ್ಳುತ್ತೇವೆ, ಒಂದು ತಿಂಗಳು ಕೊಡಲ್ಲ. ಅದನ್ನು ಹಾಕಿಸಿದವರಲ್ಲಿ ನಾನೂ ಒಬ್ಬಳು. ಕಾರಣ ಇತ್ತು. ನೀರಿನ ಟ್ಯಾಂಕಿನ ಹತ್ರ ಮುಖ ತೊಳೀತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿಯ ಫೋಟೋ ಯಾರೋ ತೆಗೆದು ಸ್ಟೇಟಸ್‌ಗೆ ಹಾಕಿದ್ದರು. ಆ ಮಗು ನಾಲ್ಕು ದಿನ ಶಾಲೆಗೆ ಬರಲಿಲ್ಲ. ನಾನೇ ಮನೆಗೆ ಹೋಗಿ ಕರ್ಕೊಂಡು ಬಂದೆ. ಬಂದ ಮೇಲೂ ತಿಂಗಳುಗಟ್ಟಲೆ ಟ್ಯಾಂಕಿನ ಕಡೆ ಹೋಗ್ತಿರಲಿಲ್ಲ.

ಹಾಗಾಗಿ ಹತ್ತನೇ ಕ್ಲಾಸಿನ ಒಬ್ಬ ಹುಡುಗ ಡೆಸ್ಕ್ ಕೆಳಗೆ ರೀಲ್ಸ್ ನೋಡ್ತಾ ಸಿಕ್ಕಿಬಿದ್ದಾಗ ನಾನು ಎರಡು ಸಲ ಯೋಚನೆ ಮಾಡಲಿಲ್ಲ. ಫೋನ್ ತಗೊಂಡೆ, ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವನು ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ.

ಹನ್ನೊಂದನೇ ದಿನ ಅವನ ತಾಯಿ ಬಂದರು. ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೆಳಗ್ಗೆ ಆರೂವರೆಗೆ ವ್ಯಾನ್ ಹತ್ತಿದರೆ ರಾತ್ರಿ ಏಳಕ್ಕೆ ಊರು. ಅವರ ಫ್ಯಾಕ್ಟರಿಯಲ್ಲಿ ಲೈನಿಗೆ ಫೋನ್ ತಗೊಂಡು ಹೋಗೋ ಹಾಗಿಲ್ಲ. ಅದಕ್ಕೇ ಮಗನ ಹತ್ರ ಬಿಟ್ಟು ಹೋಗ್ತಾರಂತೆ. ಮನೆಗೆಲ್ಲ ಇರೋದು ಅದೊಂದೇ ಫೋನು. ನಡುವೆ ಗ್ಯಾಸ್ ಸಿಲಿಂಡರ್ ಬಂದಿದೆ. ತಂದ ಹುಡುಗ ಮೆಸೇಜಿನಲ್ಲಿ ಬಂದ ನಂಬರ್ ಹೇಳಿ ಅಂದಿದ್ದಾನೆ. ಮನೆಯಲ್ಲಿದ್ದ ಅಜ್ಜಿ ಏನು ಹೇಳಬೇಕು? ಸಿಲಿಂಡರ್ ವಾಪಸ್ ಹೋಗಿದೆ. ಆರು ದಿನ ಸೌದೆ ಒಲೆ. ಫೋನ್ ಕೇಳೋಕೆ ಅಂತ ಆವತ್ತು ರಜ ಹಾಕಿದ್ದಕ್ಕೆ ಒಂದು ದಿನದ ಸಂಬಳ ಹೋಯ್ತು, ಜೊತೆಗೆ ಆ ತಿಂಗಳ ಹಾಜರಿ ಬೋನಸ್ಸೂ ಹೋಯ್ತು.

ಬೀರು ತೆಗೆದು ಫೋನ್ ಕೈಗೆ ತಗೊಂಡಾಗಲೇ ನಾನು ಅದನ್ನು ಸರಿಯಾಗಿ ನೋಡಿದ್ದು. ಒಡೆದ ಗ್ಲಾಸು ಉದುರದ ಹಾಗೆ ಒಂದು ರಬ್ಬರ್ ಬ್ಯಾಂಡ್. ಹಿಂದಿನ ಕವರಿನೊಳಗೆ ರೇಷನ್ ಕಾರ್ಡಿನ ಸಣ್ಣ ಜೆರಾಕ್ಸ್, ಮಡಚಿಟ್ಟ ನೂರರ ಒಂದು ನೋಟು. ಅದು ಹದಿನೈದು ವರ್ಷದ ಹುಡುಗನ ಫೋನ್ ಅಲ್ಲ ಅಂತ ಯಾರು ನೋಡಿದರೂ ಹೇಳಬಹುದಿತ್ತು. ನಾನು ನೋಡಲಿಲ್ಲ. ಆ ತಾಯಿ ನನ್ನನ್ನು ಬೈಯಲಿಲ್ಲ, "ಅವನದೇ ತಪ್ಪು ಬುಡಿ ಮೇಡಂ" ಅಂದರು. ನನಗೆ ಇವತ್ತಿಗೂ ಸಂಕಟ ಆಗುತ್ತೆ.

ಕ್ಲಾಸಿನಲ್ಲಿ ಫೋನ್ ಇರಬಾರದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮನೆಯ ಫೋನನ್ನು ಮಗುವಿನ ಫೋನ್ ಅಂದುಕೊಂಡು ಶಿಕ್ಷೆ ಕೊಡೋದು ತಪ್ಪು. ಇವೆರಡನ್ನೂ ಸೇರಿಸಿ ನಿಯಮ ಬರೆಯೋದು ಹೇಗೆ? ನಿಮ್ಮ ಶಾಲೆಯಲ್ಲಿ ನಿಜವಾಗಿ ಏನು ಮಾಡ್ತೀರಿ ಹೇಳಿ.

ನಿವೃತ್ತ ಹೆಡ್ ಮಾಸ್ಟರ್, ಹರಿಹರ

ಮೇಡಂ, ಮೊದಲು ಆ "ಒಂದು ತಿಂಗಳು" ಅನ್ನೋದನ್ನ ತೆಗೆದುಹಾಕಿ. ಫೋನ್ ಒಂದು ರಾತ್ರಿಯೂ ಶಾಲೆಯಲ್ಲಿ ಉಳಿಯಬಾರದು. ನಾನಿದನ್ನು ಕೈಯಿಂದ ದುಡ್ಡು ಕೊಟ್ಟು ಕಲಿತವನು. 2016ರಲ್ಲಿ ನನ್ನ ಬೀರುವಿನಿಂದಲೇ ಒಂದು ಫೋನ್ ಕಾಣೆಯಾಯಿತು. ಹುಡುಗನ ತಂದೆ ಹಮಾಲಿ ಕೆಲಸದವರು. ಅವರ ಮುಖ ನೋಡಲಾಗದೆ 6,500 ರೂಪಾಯಿ ನಾನೇ ಕೊಟ್ಟೆ. ನಿಮ್ಮ ಬೀರುವಿಗೆ ಬಂದ ಕ್ಷಣದಿಂದ ಅದು ನಿಮ್ಮ ಜವಾಬ್ದಾರಿ.

ಆಮೇಲೆ ನಾವು ಮಾಡಿದ್ದು ಇಷ್ಟೇ. ಗೋಡೆಗೆ ನೇತುಹಾಕುವಂಥ ಬಟ್ಟೆಯಲ್ಲಿ ಸಾಲಾಗಿ ಜೇಬು ಹೊಲಿಸಿದೆವು. ಒಂದೊಂದು ಜೇಬಿಗೂ ನಂಬರ್. ಪ್ರಾರ್ಥನೆಗೆ ಮುಂಚೆ ಮಗು ಬಂದು ನಮ್ಮ ಎದುರಿಗೇ ಸ್ವಿಚ್ ಆಫ್ ಮಾಡಿ ಜೇಬಿಗೆ ಹಾಕಬೇಕು. ಅದೇ ನಂಬರಿನ ತಗಡಿನ ಬಿಲ್ಲೆ ತಗೊಂಡು ಹೋಗಬೇಕು. ಸಂಜೆ ಬಿಲ್ಲೆ ಕೊಟ್ಟು ಫೋನ್ ತಗೊಳ್ಳಬೇಕು. ಯಾಕೆ ತಂದೆ ಅಂತ ಕೇಳುತ್ತಿರಲಿಲ್ಲ. ಕೇಳಿದರೆ ಮಕ್ಕಳು ಸುಳ್ಳು ಹೇಳ್ತಾರೆ, ಇಲ್ಲಾ ಅಂದ್ರೆ ಫೋನನ್ನು ಸಾಕ್ಸಿನೊಳಗೆ ಇಟ್ಕೊಳ್ತಾರೆ.

ನಾವು ಎಡವಿದ್ದು ಸಂಜೆ ಹೊತ್ತಿನಲ್ಲಿ. ಮೊದಲ ವಾರ ಎಲ್ಲಾ ಕ್ಲಾಸಿಗೂ ಒಂದೇ ಕಡೆ ಇಟ್ಟಿದ್ದೆವು. ಲಾಂಗ್ ಬೆಲ್ ಆದ ಮೇಲೆ ಐವತ್ತು ಅರವತ್ತು ಮಕ್ಕಳು ಬಾಗಿಲಿಗೆ ಮುಗಿಬಿದ್ದರು. ಹಂಚುವ ಹೊತ್ತಿಗೆ ಎರಡು ಹಳ್ಳಿಯ ಮಕ್ಕಳಿಗೆ ಬಸ್ ತಪ್ಪಿತು. ಕ್ಲಾಸಿಗೊಂದು ಬಟ್ಟೆ ಮಾಡಿ. ಕೊನೆ ಪೀರಿಯಡ್ ತಗೊಂಡ ಟೀಚರೇ ಹಂಚಲಿ. ಕ್ಲಾಸ್ ಲೀಡರ್ ಕೈಗೆ ಮಾತ್ರ ಕೊಡಬೇಡಿ. ಏನಾದರೂ ಹೆಚ್ಚು ಕಡಿಮೆ ಆದರೆ ಆ ಮಗುವಿನ ತಲೆಗೆ ಕಟ್ಟುತ್ತಾರೆ.

ಜೇಬಿಗೆ ಹಾಕದೆ ಕ್ಲಾಸಿನಲ್ಲಿ ಸಿಕ್ಕಿಬಿದ್ದವರಿಗೆ? ಫೋನ್ ಸಂಜೆಗೆ ವಾಪಸ್, ಮನೆಗೆ ಒಂದು ಕರೆ. ಮತ್ತೆ ಸಿಕ್ಕರೆ ಮನೆಯವರನ್ನು ಕರೆಸಿ ಎದುರಿಗೆ ಕೂತು ಮಾತಾಡೋದು. ಕೂಲಿ ಕಳೆದುಕೊಂಡು ಬರಬೇಕು ಅನ್ನೋದು ನೆನಪಿರಲಿ. ಭಾನುವಾರವಾದರೂ ಸರಿ, ಅವರಿಗೆ ಆಗುವ ಹೊತ್ತಿಗೆ ಕರೆಯಿರಿ.

ಹೊಸನಗರದ ಅಮ್ಮ

ಟೀಚರ್, ನಿಮ್ಮ ಮಾತು ಓದಿ ಸಮಾಧಾನ ಆಯ್ತು. ನಾನು ಇನ್ನೊಂದು ಕಡೆಯವಳು. ಮಗಳು ಎಸ್ಸೆಸ್ಸೆಲ್ಸಿ. ಸ್ಪೆಷಲ್ ಕ್ಲಾಸ್ ಐದೂವರೆಗೆ ಬಿಡುತ್ತೆ. ನಮ್ಮ ಕಡೆ ಮಳೆಗಾಲದಲ್ಲಿ ಬಸ್ ಬಂದರೆ ಬಂತು, ಇಲ್ಲ ಅಂದ್ರೆ ಇಲ್ಲ. ಬಸ್ ಇಳಿದ ಮೇಲೂ ತೋಟದ ದಾರಿಯಲ್ಲಿ ಎರಡು ಕಿಲೋಮೀಟರ್ ನಡೀಬೇಕು. ಕಳೆದ ಜುಲೈನಲ್ಲಿ ಒಂದು ದಿನ ಏಳು ಗಂಟೆಯಾದರೂ ಬರಲಿಲ್ಲ. ಶಾಲೆಯ ಲ್ಯಾಂಡ್‌ಲೈನ್ ಸತ್ತು ವರ್ಷಗಳೇ ಆಗಿವೆ. ನಮ್ಮನೆಯವರು ಬ್ಯಾಟರಿ ಹಿಡ್ಕೊಂಡು ರಸ್ತೆವರೆಗೂ ಹೋದರು. ಮರ ಬಿದ್ದು ಬಸ್ ನಿಂತಿತ್ತು, ಅಷ್ಟೇ. ಆದರೆ ಆ ಒಂದೂವರೆ ಗಂಟೆ ನಾನು ಹೇಗಿದ್ದೆ ಅಂತ ಹೇಳೋಕಾಗಲ್ಲ.

ಅವಳಿಗೆ ಕೀಪ್ಯಾಡ್ ಫೋನ್ ಕೊಟ್ಟೆ. ಅದನ್ನೂ ಕಿತ್ತುಕೊಂಡರು. ಕೀಪ್ಯಾಡ್ ಫೋನಿಗೂ ಸ್ಮಾರ್ಟ್‌ಫೋನಿಗೂ ವ್ಯತ್ಯಾಸ ಇಲ್ವಾ? ನಿಯಮದಲ್ಲಿ ಇದನ್ನು ಬೇರೆ ಬರೆಯಿರಿ ಟೀಚರ್.

ಇನ್ನೊಂದು ವಿಷಯ. ಮೊದಲೆಲ್ಲ ಅಂಗಡಿ ಮುಂದೆ ಒಂದು ರೂಪಾಯಿ ಹಾಕಿ ಮಾತಾಡೋ ಫೋನ್ ಇರ್ತಿತ್ತು. ಈಗ ಅದಿಲ್ಲ. ಶಾಲೆಯ ಹೆಸರಲ್ಲಿ ಒಂದು ಫೋನ್ ಇಟ್ಟು, ಮಕ್ಕಳು ಕೇಳಿದರೆ ಮನೆಗೆ ಮಾತಾಡೋಕೆ ಬಿಡಿ. ಆ ನಂಬರ್ ಗೇಟಿನ ಮೇಲೆ ಬರೆಸಿ. ಅರ್ಧಕ್ಕರ್ಧ ತಾಯಂದಿರು ಫೋನ್ ಕಳಿಸೋದನ್ನೇ ನಿಲ್ಲಿಸ್ತಾರೆ.

ಪಿಯು ಉಪನ್ಯಾಸಕ, ಧಾರವಾಡ

ಮೇಡಂ, ಸಭೆಯಲ್ಲಿ ಯಾರಾದರೂ "ಕಾನೂನು ಏನ ಹೇಳತೈತಿ" ಅಂತ ಕೇಳೇ ಕೇಳ್ತಾರೆ. ಅದಕ್ಕೆ ಇದನ್ನು ಇಟ್ಟುಕೊಳ್ಳಿ. ದೆಹಲಿ ಹೈಕೋರ್ಟ್ 2025ರಲ್ಲಿ ಕೇಂದ್ರೀಯ ವಿದ್ಯಾಲಯದ ಒಬ್ಬ ವಿದ್ಯಾರ್ಥಿಯ ಪ್ರಕರಣದಲ್ಲಿ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ಫೋನ್ ತರೋದನ್ನೇ ಪೂರ್ತಿ ನಿಷೇಧಿಸೋದು ಸರಿಯಾದ ದಾರಿ ಅಲ್ಲ, ಸಾಧ್ಯವಿದ್ದ ಕಡೆ ಬೆಳಗ್ಗೆ ಜಮಾ ಮಾಡಿಸಿಕೊಂಡು ಸಂಜೆ ಕೊಡಿ, ಕ್ಲಾಸಿನಲ್ಲಿ ಬಳಕೆ ಬೇಡ, ಶಾಲೆಯೊಳಗೆ ಫೋಟೋ ವಿಡಿಯೋ ಬೇಡ ಅಂತ ಅದರ ಸಾರ. ಪೋಷಕರು, ಶಿಕ್ಷಕರನ್ನು ಕೇಳಿ ನಿಯಮ ಮಾಡಿ ಅಂತಲೂ ಹೇಳಿದೆ. ನಮ್ಮ ರಾಜ್ಯದ ಕೋರ್ಟ್ ಅಲ್ಲ, ಖರೆ. ಆದರೆ ದಾರಿ ತೋರಿಸತೈತಿ. ಹರಿಹರದ ಸರ್ ಮಾಡಿದ್ದೂ ಹೆಚ್ಚುಕಡಿಮೆ ಅದೇ. ಫ್ರಾನ್ಸ್ 2018ರಲ್ಲೇ ಹದಿನೈದು ವರ್ಷದವರೆಗಿನ ಮಕ್ಕಳು ಶಾಲೆಯಲ್ಲಿ ಫೋನ್ ಬಳಸದ ಹಾಗೆ ಕಾನೂನು ಮಾಡಿತು. ಓದಿಗೆ ನಿಜವಾಗಿ ನೆರವಾಗುವಾಗ ಮಾತ್ರ ಶಾಲೆಯಲ್ಲಿ ಫೋನ್ ಇರಲಿ ಅಂತ ಯುನೆಸ್ಕೋ 2023ರ ವರದಿಯಲ್ಲಿ ಹೇಳಿತು.

ನೀವು ಹೇಳಿದ ಅಮ್ಮನ ಫೋನ್ ವಿಷಯ ನಿಮ್ಮ ಶಾಲೆಯದೊಂದೇ ಅಲ್ಲ. ಹಳ್ಳಿ ಮಕ್ಕಳ ಓದಿನ ಸ್ಥಿತಿ ಬಗ್ಗೆ ಮಾಡಿದ ಅಸರ್ (ASER) ಅನ್ನೋ ಸಮೀಕ್ಷೆಯ 2024ರ ವರದಿ ನೋಡಿ. ಸ್ಮಾರ್ಟ್‌ಫೋನ್ ಬಳಸೋಕೆ ಬರುವ ಮಕ್ಕಳಲ್ಲಿ ಸ್ವಂತ ಫೋನ್ ಇದ್ದದ್ದು 14ನೇ ವಯಸ್ಸಿನಲ್ಲಿ ಶೇ. 27, 16ನೇ ವಯಸ್ಸಿನಲ್ಲಿ ಸುಮಾರು ಶೇ. 38 ಮಂದಿಗೆ. ಉಳಿದವರ ಕೈಯಲ್ಲಿ ಇರೋದು ಮನೆಯವರ ಫೋನೇ ಅಲ್ಲೇನು?

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ವಶಕ್ಕೆ ತಗೊಂಡ ಫೋನಿನ ಗ್ಯಾಲರಿ ತೆರೆದು ನೋಡಬೇಡಿ. ಅದರಲ್ಲಿ ಆ ತಾಯಿಯ ಬದುಕೇ ಇರುತ್ತೆ. ಯಾವುದಾದರೂ ಮಗುವಿನ ಕೆಟ್ಟ ಫೋಟೋ ಹರಿದಾಡುತ್ತಿದೆ ಅಂತ ಗೊತ್ತಾದರೆ "ಸಾಕ್ಷಿಗೆ ಇರಲಿ" ಅಂತ ಸ್ಟಾಫ್ ಗ್ರೂಪಿಗೆ ಹಾಕಲೇಬೇಡಿ. ಮಕ್ಕಳ ಅಶ್ಲೀಲ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ, ಹಂಚಿದವರು ಟೀಚರ್ ಆದರೂ ಅಷ್ಟೇ. ಫೋನ್ ಆಫ್ ಮಾಡಿ, ಪೊಲೀಸರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ಇದೆ.

ಸೆಕೆಂಡ್ ಪಿಯು, ಕುಣಿಗಲ್

ಮಿಸ್, ನಾನು ಸ್ಟೂಡೆಂಟು, ಹೇಳಬಹುದಾ? ನಾನು ಹತ್ತನೇ ಕ್ಲಾಸಲ್ಲಿದ್ದಾಗ ಫೋನ್ ತರಬಾರದು ಅಂತ ರೂಲ್ಸ್ ಇತ್ತು. ಆದರೆ ಹೋಂವರ್ಕ್ ಬರ್ತಿದ್ದದ್ದು ರಾತ್ರಿ ಒಂಬತ್ತಕ್ಕೆ ವಾಟ್ಸಾಪ್ ಗ್ರೂಪಿಗೆ. ನಮ್ಮಪ್ಪ ಲಾರಿ ಡ್ರೈವರ್. ಫೋನ್ ಅವರ ಜೊತೆ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿರ್ತಿತ್ತು. ನಾನು ಬೆಳಗ್ಗೆ ಬೇಗ ಹೋಗಿ ಫ್ರೆಂಡ್ ಫೋನಿನಲ್ಲಿ ನೋಡಿ ಕಾಪಿ ಮಾಡ್ಕೊಳ್ತಿದ್ದೆ. ಶಾಲೆಗೆ ಫೋನ್ ತಂದಿದ್ದಳು ಅಂತ ಅವಳಿಗೆ ಬೈಸಿಕೊಳ್ಳೋ ಹಾಗಾಯ್ತು. ನನ್ನಿಂದ. ಹೋಂವರ್ಕ್ ಬೋರ್ಡ್ ಮೇಲೆ ಬರೆದರೆ ಸಾಕು ಮಿಸ್.

ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗಲೂ ಹಾಗೇ. ಒಟಿಪಿ ಬರುತ್ತೆ, ಫೋನ್ ತನ್ನಿ ಅಂತ ಶಾಲೆಯವರೇ ಹೇಳ್ತಾರೆ. ಮಾರನೇ ದಿನ ಯಾಕೆ ತಂದೆ ಅಂತಾರೆ.

ಆಮೇಲೆ ಟೀಚರ್‌ಗಳು. ಹಾಜರಿ, ಬಿಸಿಯೂಟದ ಲೆಕ್ಕ ಎಲ್ಲಾ ಮೊಬೈಲಲ್ಲೇ ಹಾಕಬೇಕು ಅಂತ ನಮಗೆ ಗೊತ್ತು. ಆದರೆ ಪಾಠದ ಮಧ್ಯೆ ಫೋನ್ ಬಂದರೆ ಕಾರಿಡಾರಿಗೆ ಹೋಗಿ ಹತ್ತು ನಿಮಿಷ ಮಾತಾಡೋದೂ ಗೊತ್ತು. ಅವತ್ತು ನಮಗೆ ತುಂಬಾ ಬೇಜಾರಾಗೋದು.

ವಿಜ್ಞಾನ ಟೀಚರ್, ಮದ್ದೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಮ್ಮ ಮಾತುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಹೆಡ್ ಮಾಸ್ಟರ್ ಹತ್ರ ಹೋದೆ. ಸಭೆ ಭಾನುವಾರ ಬೆಳಗ್ಗೆ ಹತ್ತೂವರೆಗೆ ಇಟ್ಟೆವು. ಗಾರ್ಮೆಂಟ್ಸ್ ತಾಯಂದಿರು ಇಷ್ಟು ಜನ ಬಂದದ್ದನ್ನು ನಾನು ಇದೇ ಮೊದಲು ನೋಡಿದ್ದು. ಬೆಂಚು ಸಾಲದೆ ಜಮಖಾನ ಹಾಸಿದೆವು.

ಬೆಳಗ್ಗೆ ಜಮಾ, ಸಂಜೆ ವಾಪಸ್. ಇದಕ್ಕೆ ಎಲ್ಲರೂ ಒಪ್ಪಿದರು. ಶಾಲೆಯ ಒಂದು ನಂಬರ್ ಗೇಟಿಗೆ ಬರೆಸ್ತೀವಿ. ಕೀಪ್ಯಾಡ್ ಫೋನ್ ವಿಷಯದಲ್ಲಿ ಮಾತ್ರ ಜಗ್ಗಾಟ ಆಯ್ತು. ಅದನ್ನೂ ಜಮಾ ಮಾಡಲಿ, ಆದರೆ ಸ್ಪೆಷಲ್ ಕ್ಲಾಸ್ ಶುರುವಾಗುವ ಮುಂಚೆಯೇ ಕೊಟ್ಟುಬಿಡೋಣ ಅಂತ ಆಯ್ತು. ಹೊಸನಗರದ ಅಕ್ಕ, ನಿಮಗೆ ಪೂರ್ತಿ ಸಮಾಧಾನ ಆಗಲಿಕ್ಕಿಲ್ಲ. ಒಟಿಪಿ ಕೆಲಸಕ್ಕೆ ತಿಂಗಳಿಗೊಂದು ಶನಿವಾರ. ಹೋಂವರ್ಕ್ ಬೋರ್ಡಿಗೆ. ಕುಣಿಗಲ್ ಪುಟ್ಟಿ, ನಿನ್ನ ಮಾತನ್ನು ಸ್ಟಾಫ್ ಮೀಟಿಂಗಿನಲ್ಲಿ ಹಾಗೇ ಓದಿದೆ. ಇಬ್ಬರಿಗೆ ಕೋಪ ಬಂತು. ಉಳಿದವರು ಪಾಠದ ಹೊತ್ತಿನಲ್ಲಿ ಫೋನ್ ಸ್ಟಾಫ್ ರೂಮಿನಲ್ಲೇ ಇಡೋಕೆ ಒಪ್ಪಿದ್ದಾರೆ. ಹಾಜರಿ ಬೆಳಗ್ಗೆ ಪುಸ್ತಕದಲ್ಲಿ ಬರೆದುಕೊಂಡು ಆಮೇಲೆ ಹಾಕ್ತೀವಿ.

ಆ ಹುಡುಗನ ತಾಯಿಯೂ ಬಂದಿದ್ದರು. ಎಲ್ಲರ ಮುಂದೆ ನಾನು ತಪ್ಪು ಒಪ್ಪಿಕೊಂಡೆ. ಅವರು ತಲೆ ತಗ್ಗಿಸಿ ಸುಮ್ನೆ ಕೂತಿದ್ದರು. ಜೇಬಿನ ಬಟ್ಟೆಯ ಮಾತು ಬಂದಾಗ ಮಾತ್ರ ಬಾಯಿಬಿಟ್ಟರು. ಖಾಕಿ ಬಟ್ಟೆ ಬೇಡ, ಭಾರಕ್ಕೆ ಹೊಲಿಗೆ ಬಿಡುತ್ತೆ, ಜೀನ್ಸ್ ಬಟ್ಟೆ ತನ್ನಿ, ನಾನೇ ಹೊಲಿದುಕೊಡ್ತೀನಿ ಅಂದರು. ಕೂಲಿ ಕೊಟ್ಟೇ ಹೊಲಿಸ್ತೀವಿ. ಹರಿಹರದ ಸರ್, ಅಳತೆ ಹೇಳ್ತೀರಾ?

ನಿವೃತ್ತ ಹೆಡ್ ಮಾಸ್ಟರ್, ಹರಿಹರ

ಆ ತಾಯಿ ಹೇಳಿದ್ದು ಸರಿ ಮೇಡಂ, ನಮ್ಮದು ಖಾಕಿ, ಎರಡನೇ ವರ್ಷಕ್ಕೇ ಬಿಟ್ಟಿತು. ಜೇಬು ನಾಲ್ಕೂವರೆ ಇಂಚು ಅಗಲ, ಆರು ಇಂಚು ಆಳ ಇರಲಿ. ಇನ್ನೂ ಆಳ ಮಾಡಿದರೆ ಫೋನ್ ಒಳಗೆ ಮುಳುಗಿ ಯಾವ ಜೇಬು ಖಾಲಿ, ಯಾವುದು ತುಂಬಿದೆ ಗೊತ್ತಾಗಲ್ಲ. ಸಾಲಿಗೆ ಆರು ಜೇಬು. ಮೇಲೆ ಮಡಚಿ ಹೊಲಿದು ಒಂದು ಕಬ್ಬಿಣದ ಸರಳು ತೂರಿಸಿ. ಕಿಟಕಿ ಪಕ್ಕ ಹಾಕಬೇಡಿ, ಮಳೆ ಎರಚಲು ಬಡಿಯುತ್ತೆ. ನಂಬರನ್ನು ಬಣ್ಣದಲ್ಲಿ ಬರೆಸಬೇಡಿ, ದಾರದಲ್ಲೇ ಹೊಲಿಸಿ.