ಹ್ಯೂಮನ್ ಕೊಲಾಜೆನ್ ಆಂಟಿಬಾಡಿ: ಸೆಲ್ ಇಲ್ಲದ ಕಡೆಯೂ ಹೊಳೆಯುತ್ತಿದೆ, ವೆಸ್ಟರ್ನ್‌ನಲ್ಲಿ ಏನೂ ಇಲ್ಲ

ಪ್ರಶ್ನೆ (ಫೈಬ್ರೋ_ದಿನಚರಿ)

ಎರಡು ತಿಂಗಳಿಂದ ಇದೊಂದರಲ್ಲೇ ಸಿಕ್ಕಿಕೊಂಡಿದ್ದೇನೆ. ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ.

ಮನುಷ್ಯರ ಚರ್ಮದ ಫೈಬ್ರೋಬ್ಲಾಸ್ಟ್ (ಅಂಗಾಂಶದ ನಾರು ತಯಾರಿಸುವ ಸೆಲ್) ಬೆಳೆಸುತ್ತಿದ್ದೇನೆ. ಅವು ಟೈಪ್ 1 ಕೊಲಾಜೆನ್ (ಚರ್ಮಕ್ಕೆ ಬಲ ಕೊಡುವ ನಾರಿನ ಪ್ರೋಟೀನ್) ಮಾಡುವುದನ್ನು ನೋಡಬೇಕು. ನನ್ನ ಹತ್ತಿರ ಇರುವುದು ಮೌಸ್ ಮೊನೊಕ್ಲೋನಲ್ ಆಂಟಿಬಾಡಿ (ಇಲಿಯಿಂದ ಬಂದ, ಒಂದೇ ಗುರುತಿಗೆ ಅಂಟುವ ಪ್ರೋಟೀನ್), ಡೇಟಾಶೀಟಿನಲ್ಲಿ ‘ಹ್ಯೂಮನ್’ ಅಂತಲೇ ಇದೆ. ಗಾಜಿನಿಂದ ಸೆಲ್‌ಗಳು ಕಿತ್ತು ಬರುತ್ತಿದ್ದವು, ಹಾಗಾಗಿ ಕವರ್‌ಸ್ಲಿಪ್‌ಗೆ ರ‍್ಯಾಟ್ ಟೇಲ್ ಕೊಲಾಜೆನ್ ಬಳಿದೆ. ಈಗ ಸ್ಟೇನ್ ಮಾಡಿದರೆ ಸೆಲ್ ಇರುವ ಕಡೆ, ಇಲ್ಲದ ಕಡೆ, ಎಲ್ಲಾ ಒಂದೇ ಹೊಳಪು. 1:200ರಿಂದ 1:1000ದವರೆಗೆ ತೆಳು ಮಾಡಿ ನೋಡಿದೆ. ಸೆಕೆಂಡರಿ (ಮೊದಲ ಆಂಟಿಬಾಡಿಗೆ, ಅಂದರೆ ಪ್ರೈಮರಿಗೆ, ಅಂಟಿ ಹೊಳೆಯುವ ಎರಡನೇ ಆಂಟಿಬಾಡಿ) ಮಾತ್ರ ಹಾಕಿದ ಸ್ಲೈಡ್ ಪೂರ್ತಿ ಕಪ್ಪು.

ವೆಸ್ಟರ್ನ್ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಹುಡುಕುವ ಪರೀಕ್ಷೆ) ಇದಕ್ಕೆ ತದ್ವಿರುದ್ಧ. ಲೈಸೇಟ್ (ಸೆಲ್ ಒಡೆದು ತೆಗೆದ ದ್ರವ) 95 ಡಿಗ್ರಿಯಲ್ಲಿ ಕುದಿಸಿ ಹಾಕಿದೆ. ಆಕ್ಟಿನ್ (ಹೋಲಿಕೆಗೆ ನೋಡುವ, ಸೆಲ್‌ನಲ್ಲಿ ಸದಾ ಇರುವ ಪ್ರೋಟೀನ್) ಚೆನ್ನಾಗಿ ಬಂತು, ಕೊಲಾಜೆನ್ ಜಾಗ ಖಾಲಿ. ಆಂಟಿಬಾಡಿಯೇ ಕೆಟ್ಟಿದೆಯಾ?

ಉತ್ತರ 1 (ಹಳೇ_ಬೆಂಚ್)

ಕೆಟ್ಟಿಲ್ಲ ಅಂತ ನನಗನಿಸುತ್ತದೆ. ಸೆಕೆಂಡರಿ ಸ್ಲೈಡ್ ಕಪ್ಪಾಗಿದೆ ಅಂದರೆ ನಿಮ್ಮ ಪ್ರೈಮರಿ ನಿಜವಾಗಿಯೂ ಏನನ್ನೋ ಹಿಡಿದಿದೆ. ಏನನ್ನು ಅನ್ನೋದೇ ಪ್ರಶ್ನೆ.

ನಾನೂ ಇದೇ ತಪ್ಪು ಮಾಡಿ ಒಂದು ಇಡೀ ಸರಣಿ ಪ್ರಯೋಗ ಕಳೆದುಕೊಂಡಿದ್ದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಡೇಟಾಶೀಟಿನಲ್ಲಿ ‘ಹ್ಯೂಮನ್’ ಅಂತಿದ್ದರೆ ಮನುಷ್ಯನ ಕೊಲಾಜೆನ್‌ಗೆ ಅಂಟುತ್ತದೆ ಅಂತ ಅರ್ಥ. ಮನುಷ್ಯನದಕ್ಕೆ ಮಾತ್ರ ಅಂಟುತ್ತದೆ ಅಂತಲ್ಲ! ಟೈಪ್ 1 ಕೊಲಾಜೆನ್ ಸಸ್ತನಿಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೂರು ಎಳೆ ಹೆಣೆದುಕೊಂಡ ಜಡೆ, ಪ್ರತಿ ಮೂರನೇ ಅಮೈನೋ ಆಮ್ಲ ಗ್ಲೈಸಿನ್. ಹಾಗಾಗಿ ನಿಮ್ಮ ಆಂಟಿಬಾಡಿ ನೀವೇ ಬಳಿದ ಕೊಲಾಜೆನ್ನನ್ನು ಹಿಡಿದಿರಬಹುದು. ಕೋಟಿಂಗ್ ಮಾತ್ರ ಇರುವ, ಸೆಲ್ ಹಾಕದ ಕವರ್‌ಸ್ಲಿಪ್ ಒಂದನ್ನು ಜೊತೆಗೆ ಸ್ಟೇನ್ ಮಾಡಿ. ಅದೂ ಹೊಳೆದರೆ ಉತ್ತರ ಸಿಕ್ಕಿತು.

ವೆಸ್ಟರ್ನ್ ವಿಷಯ ಬೇರೆ. ಕೆಲವು ಕೊಲಾಜೆನ್ ಆಂಟಿಬಾಡಿಗಳು ಆ ಜಡೆಯ ಆಕಾರವನ್ನೇ ಗುರುತಿಸುತ್ತವೆ. 95 ಡಿಗ್ರಿಗೆ ಎಳೆಗಳು ಬಿಚ್ಚಿಹೋಗುತ್ತವೆ, ಆಮೇಲೆ ಹಿಡಿಯಲು ಏನೂ ಉಳಿಯುವುದಿಲ್ಲ. ಇದನ್ನು ಒಂದೇ ದಿನದಲ್ಲಿ ನೋಡಬಹುದು. ನೈಟ್ರೋಸೆಲ್ಯುಲೋಸ್ ಮೆಂಬ್ರೇನ್ ಮೇಲೆ ಮನುಷ್ಯರ ಕೊಲಾಜೆನ್ ಎರಡು ಚುಕ್ಕೆ ಇಡಿ, ಒಂದು ಕುದಿಸದ್ದು, ಒಂದು ಕುದಿಸಿದ್ದು. ಕುದಿಸಿದ್ದನ್ನು ಬಿಸಿ ಇರುವಾಗಲೇ ಇಡಬೇಕು. ತಣ್ಣಗಾಗಲು ಬಿಟ್ಟರೆ ಎಳೆಗಳು ಅಲ್ಲಲ್ಲಿ ಮತ್ತೆ ಹೆಣೆದುಕೊಳ್ಳುತ್ತವೆ, ಫಲಿತಾಂಶ ಗೊಂದಲವಾಗುತ್ತದೆ.

ಉತ್ತರ 2 (ಮೀಡಿಯಂ_ಮಾತು)

ಮೇಲಿನವರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಮೀಡಿಯಂಗೆ (ಸೆಲ್ ಬೆಳೆಸುವ ದ್ರವಕ್ಕೆ) ಆಸ್ಕಾರ್ಬಿಕ್ ಆಸಿಡ್ (ವಿಟಮಿನ್ ಸಿ) ಹಾಕುತ್ತಿದ್ದೀರಾ? ಅದಿಲ್ಲದೆ ಕೊಲಾಜೆನ್‌ನ ಪ್ರೋಲಿನ್ ಅನ್ನುವ ಅಮೈನೋ ಆಮ್ಲಕ್ಕೆ ಹೈಡ್ರಾಕ್ಸಿಲ್ ಸೇರುವುದಿಲ್ಲ, ಜಡೆ 37 ಡಿಗ್ರಿಯಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ, ಸೆಲ್ ಅದನ್ನು ಸರಿಯಾಗಿ ಹೊರಗೂ ಬಿಡುವುದಿಲ್ಲ. ಮಿಲಿಲೀಟರ್‌ಗೆ 50 ಮೈಕ್ರೋಗ್ರಾಂ ಸಾಮಾನ್ಯ. ಬೇಗ ಹಾಳಾಗುತ್ತದೆ, ದಿನಾ ಹೊಸದು ಹಾಕಿ, ಇಲ್ಲವೇ ಫಾಸ್ಫೇಟ್ ರೂಪದ್ದು ಬಳಸಿ.

ಲೈಸೇಟ್ ಜೊತೆ ಮೀಡಿಯಂ ಕೂಡ ಓಡಿಸಿ. ಹೊರಗೆ ಬಂದ ಪ್ರೊಕೊಲಾಜೆನ್ (ಕೊಲಾಜೆನ್ ಬಲಿಯುವ ಮುಂಚಿನ ರೂಪ) ಜಾಸ್ತಿ ಅಲ್ಲೇ ಇರುತ್ತದೆ, ನಾವು ಸುಮ್ನೆ ಚೆಲ್ಲಿಬಿಡುತ್ತೇವೆ. ಕೊನೆಯ ದಿನ ಸೀರಂ (ರಕ್ತದಿಂದ ತೆಗೆದ ದ್ರವ) ಇಲ್ಲದ ಮೀಡಿಯಂ ಹಾಕಿ ತೆಗೆದಿಡಿ. ಸೀರಂ ಇದ್ದರೆ ಅದರಲ್ಲಿರುವ ಆಲ್ಬುಮಿನ್ ಪ್ರೋಟೀನ್ ವೆಸ್ಟರ್ನ್‌ನ ಲೇನನ್ನೇ (ಸ್ಯಾಂಪಲ್ ಓಡುವ ಪಟ್ಟಿಯನ್ನೇ) ತುಂಬಿಬಿಡುತ್ತದೆ.

ಫೈಬ್ರೋ_ದಿನಚರಿ

ಇಬ್ಬರಿಗೂ ಮನಸಾರೆ ಧನ್ಯವಾದ. ಎರಡೂ ಮಾಡಿದೆ. ಸೆಲ್ ಇಲ್ಲದ ಕವರ್‌ಸ್ಲಿಪ್ ಅಷ್ಟೇ ಹೊಳೆಯಿತು. ಚುಕ್ಕೆಗಳಲ್ಲಿ ಕುದಿಸದ್ದು ಬಂತು, ಕುದಿಸಿದ್ದು ಬರಲೇ ಇಲ್ಲ. ಆಸ್ಕಾರ್ಬಿಕ್ ಆಸಿಡ್ ಹಾಕುತ್ತಿರಲಿಲ್ಲ, ಈಗ ಶುರು ಮಾಡಿದ್ದೇನೆ. ಕೋಟಿಂಗ್ ಇಲ್ಲದೆ ಸೆಲ್ ನಿಲ್ಲುವುದಿಲ್ಲ, ಏನು ಮಾಡಲಿ?

ಹಳೇ_ಬೆಂಚ್

ಪಾಲಿ-ಲೈಸಿನ್ ಬಳಿಯಿರಿ, ಅದರಲ್ಲಿ ಕೊಲಾಜೆನ್ ಇಲ್ಲ. ಕೊಲಾಜೆನ್ ಕೋಟಿಂಗೇ ಬೇಕು ಅಂದರೆ ಪ್ರೊಪೆಪ್ಟೈಡ್ ಹಿಡಿಯುವ ಆಂಟಿಬಾಡಿ ತೆಗೆದುಕೊಳ್ಳಿ. ಸೆಲ್ ಹೊಸದಾಗಿ ಮಾಡಿದ ಪ್ರೊಕೊಲಾಜೆನ್‌ನ ಎರಡೂ ತುದಿಯಲ್ಲಿ ಆ ಭಾಗ ಇರುತ್ತದೆ. ನಾರು ಕಟ್ಟುವ ಹೊತ್ತಿಗೆ ಎಂಜೈಮ್‌ಗಳು ಅದನ್ನು ಕತ್ತರಿಸುತ್ತವೆ. ರ‍್ಯಾಟ್ ಟೇಲ್ ಕೊಲಾಜೆನ್ ಬಲಿತದ್ದು, ಅದರಲ್ಲಿ ಈ ತುದಿಗಳು ಇರುವುದಿಲ್ಲ. ಆದರೆ ಆಗ ನೀವು ನೋಡುವುದು ಈಗಷ್ಟೇ ತಯಾರಾದದ್ದು, ಹೊರಗೆ ಕಟ್ಟಿದ ನಾರು ಅಲ್ಲ. ನಿಮ್ಮ ಪ್ರಶ್ನೆ ಯಾವುದು ಅಂತ ಮೊದಲು ತೀರ್ಮಾನಿಸಿ.

ವೆಸ್ಟರ್ನ್‌ಗೆ, ಕುದಿಸಿದ ಸ್ಯಾಂಪಲ್‌ನಲ್ಲಿ ಕೆಲಸ ಮಾಡಿದ ಚಿತ್ರ ತೋರಿಸುವ ಆಂಟಿಬಾಡಿಯನ್ನೇ ಆರಿಸಿ. COL1A1 (ಟೈಪ್ 1 ಕೊಲಾಜೆನ್ ಎಳೆಯ ಜೀನ್) ಅನ್ನು siRNA (ಜೀನ್‌ನ ಕೆಲಸ ತಗ್ಗಿಸುವ ಚಿಕ್ಕ ಆರ್‌ಎನ್‌ಎ) ಕೊಟ್ಟು ಇಳಿಸಿದ ಸೆಲ್‌ಗಳನ್ನೂ ಒಂದು ಲೇನ್ ಹಾಕಿ. ಬ್ಯಾಂಡ್ ಅಲ್ಲಿ ಕಡಿಮೆಯಾದರೆ ನಂಬಬಹುದು.